ರಂಗಸ್ವಾಮಿಯವರ ಗಾಡಿಯ ಮುಂದಿನ ಸೀಟು

ಅರಕಲಗೂಡಿನ ಮೈದಾನದಲ್ಲಿ ಆ ಭಾನುವಾರ ಹುಡುಗಿಯರ ಫುಟ್‌ಬಾಲ್ ಪಂದ್ಯ ಮುಗಿದಾಗ, ನೋಡಲೆಂದು ಹಾಸನದಿಂದ ಬಂದಿದ್ದ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟು ಸೋಲು ಗೆಲುವಿನ ಮೇಲಲ್ಲ. ಶಾಮಿಯಾನದ ಕೆಳಗೆ ಮುಖ್ಯ ಅತಿಥಿಗೆ ಸೋಫಾ ಇತ್ತು, ಸೋಫಾದ ಎದುರಿಗೆ ಕೂಲರ್ ಇತ್ತು, ಕೂಲರಿಗೆ ನೀರು ಸುರಿಯಲು ಒಬ್ಬ ಆಳಿದ್ದ. ಆಡಲು ಬಂದ ಹುಡುಗಿಯರಿಗೆ ಬಟ್ಟೆ ಬದಲಾಯಿಸಲು ಒಂದು ಕೋಣೆ ಇರಲಿಲ್ಲ. ಕೇಳಿದರೆ ಸಂಘಟಕರಲ್ಲೊಬ್ಬರು, ಗಾಡೀಲಿ ಬಂದಿದ್ದಾರಲ್ಲ, ಗಾಡೀಲೇ ಹಾಕ್ಕೊಳ್ಳಲಿ ಅಂದರು. ನಿಮ್ಮ ಮನೆ ಹೆಣ್ಣುಮಕ್ಕಳೂ ರಸ್ತೆ ಬದಿ ಗಾಡಿಯಲ್ಲೇ ಬಟ್ಟೆ ಬದಲಾಯಿಸುತ್ತಾರಾ ಎಂದು ನಾನು ಕೇಳಿದೆ. ಆ ಮಾತು ಆದ ಮೇಲೆ ಅವರ ಜೀಪಿನಲ್ಲಿ ನಾನು ಹಾಸನಕ್ಕೆ ವಾಪಸು ಹೋಗುವ ಏರ್ಪಾಟು ತಾನಾಗಿಯೇ ರದ್ದಾಯಿತು.

ಹಾಗಾಗಿ ಹಾಸನದ ಫುಟ್‌ಬಾಲ್ ಕ್ಲಬ್ಬಿನ ಹುಡುಗಿಯರನ್ನು ಕರೆತಂದಿದ್ದ ಮಿನಿಬಸ್ಸಿನಲ್ಲೇ ಜಾಗ ಕೇಳಿದೆ. ಡ್ರೈವರ್ ಪಕ್ಕದ ಸೀಟು ಖಾಲಿ ಇತ್ತು. ಬಾಗಿಲಿಗೆ ಕೈ ಹಾಕಿದ್ದೇ ತಡ, ತಂಡದ ಕ್ಯಾಪ್ಟನ್ ಸಿಂಧು ಕಿಟಕಿಯಿಂದ ತಲೆ ಹೊರಹಾಕಿದಳು.

"ಸಾರ್, ಅಲ್ಲಿ ಬೇಡಿ. ಅದು ಖಾಲಿ ಇಲ್ಲ."

ಖಾಲಿ ಇದ್ದದ್ದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಆದರೂ ಹಿಂದೆ ಹತ್ತಿ ಕೂತೆ. ಎಲ್ಲರೂ ಹತ್ತಿದ ಮೇಲೆ, ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡ ಒಬ್ಬ ಹುಡುಗಿ ತಲೆ ತಗ್ಗಿಸಿ ಬಂದಳು. ಮುಂದಿನ ಬಾಗಿಲು ತೆಗೆದು ಡ್ರೈವರ್ ಪಕ್ಕ ಕೂತಳು. ಡ್ರೈವರು ಇಂಜಿನ್ ಚಾಲೂ ಮಾಡಿ, ಅವಳ ಕಡೆ ತಿರುಗಿ, "ಇವತ್ತು ಬಾಳ ಚೆನ್ನಾಗ್ ಆಡ್ದೆ ಕಣವ್ವ" ಅಂದರು.

ನಾನು ಬೆಚ್ಚಿದೆ. ಅವತ್ತಿನ ಪಂದ್ಯ ಕೈತಪ್ಪಿದ್ದೇ ಅವಳಿಂದ. ಎದುರಾಳಿ ಒದ್ದ ಚೆಂಡನ್ನು ತಡೆಯಲು ಹೋಗಿ ತನ್ನ ಗೋಲಿಗೇ ಹೊಡೆದುಕೊಂಡಿದ್ದಳು. ಮೈದಾನದ ಸುತ್ತ ನಿಂತಿದ್ದವರು ಶಿಳ್ಳೆ ಹಾಕಿ ನಕ್ಕಿದ್ದರು. ಈಗ ಹಿಂದೆ ಕೂತ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಹಾಡು ಶುರುಮಾಡಿದರು. ಗಾಡಿ ಊರು ದಾಟುವಷ್ಟರಲ್ಲಿ ಎಲ್ಲರೂ ಹಾಡುತ್ತಿದ್ದರು. ಮುಂದೆ ಕೂತವಳೊಬ್ಬಳೇ ರಸ್ತೆ ನೋಡುತ್ತಿದ್ದಳು.

ಆ ಸೀಟು ನನ್ನ ತಲೆ ಹೊಕ್ಕಿದ್ದು ಅಲ್ಲಿಂದ.

ಡ್ರೈವರ್ ಹೆಸರು ರಂಗಸ್ವಾಮಿ. ಹೊಳೆನರಸೀಪುರದವರು. ನಾಲೆ ಬಯಲಿನ ಗದ್ದೆ, ತೆಂಗಿನ ತೋಟ ಅಣ್ಣನ ಸುಪರ್ದಿಗೆ ಬಿಟ್ಟು ಸ್ಟೇರಿಂಗ್ ಹಿಡಿದವರು. ಮೊದಲು ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಲೋಡು ಹೊಡೆಯುತ್ತಿದ್ದರು. ಆ ಘಾಟಿಗೆ ಕೆಮ್ಮು ಹತ್ತಿತು. ಹೊಗೆಸೊಪ್ಪು ಬಿಟ್ಟು ಮನುಷ್ಯರನ್ನು ತುಂಬಿಕೊಂಡು ಓಡಾಡುತ್ತೇನೆ ಎಂದು ಈ ಮಿನಿಬಸ್ಸಿಗೆ ಬಂದರು. ವಾರದ ದಿನ ಶಾಲೆ ಮಕ್ಕಳು, ಮುಹೂರ್ತದ ದಿನ ದಿಬ್ಬಣ, ಭಾನುವಾರ ಬಂದರೆ ಹಾಸನದ ಎರಡು ಕ್ಲಬ್ಬುಗಳು. ಒಂದು ವಾರ ಹಾಕಿ ಹುಡುಗಿಯರು, ಇನ್ನೊಂದು ವಾರ ಫುಟ್‌ಬಾಲ್ ಹುಡುಗಿಯರು. ಕಿಟಕಿಗೆ ಅವರ ಹೆಂಡತಿ ಪುಷ್ಪಾವತಿ ಹಳೇ ಸೀರೆ ಕತ್ತರಿಸಿ ಪರದೆ ಹೊಲಿದುಕೊಟ್ಟಿದ್ದಾರೆ. ಸಂಘಟಕರಿಗೆ ಹೊಳೆಯದ ಬಟ್ಟೆ ಬದಲಾಯಿಸುವ ಕೋಣೆ ಅದೇ.

ಇಷ್ಟು ವರ್ಷ ತಂಡಗಳನ್ನು ಹೊತ್ತು ತಿರುಗಿದರೂ ರಂಗಸ್ವಾಮಿ ಒಂದು ಪಂದ್ಯವನ್ನೂ ನೋಡಿದವರಲ್ಲ. ಹುಡುಗಿಯರ ಫೋನು, ಬ್ಯಾಗು, ಬಟ್ಟೆ ಎಲ್ಲ ಗಾಡಿಯಲ್ಲೇ ಇರುತ್ತವೆ. ಗಾಡಿ ಬಿಟ್ಟು ಅಲುಗಾಡುವಂತಿಲ್ಲ. ಹೀಗಾಗಿ ಅವರಿಗೆ ಆಟವೊಂದನ್ನು ಬಿಟ್ಟು ಆಟಗಾರರ ಮಿಕ್ಕಿದ್ದೆಲ್ಲ ಗೊತ್ತು. ಯಾರು ಹೇಗೆ ಉಣ್ಣುತ್ತಾರೆ, ಯಾರು ಕಿಟಕಿಗೆ ಜಗಳಾಡುತ್ತಾರೆ, ಗೆದ್ದರೆ ಎಷ್ಟು ಗಲಾಟೆ, ಸೋತರೆ ಎಂಥ ಮೌನ. ಎಲ್ಲ ಸ್ಟೇರಿಂಗ್ ಮೇಲಿನ ಒಳಗನ್ನಡಿಯಲ್ಲಿ ನೋಡಿ ತಿಳಿದದ್ದು.

ಗೊರೂರಿನಲ್ಲಿ ಚಾ ಕುಡಿಯಲು ನಿಲ್ಲಿಸಿದರು. ಹುಡುಗಿಯರು ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ಎರಡು ಆಟದವರಲ್ಲಿ ಏನು ವ್ಯತ್ಯಾಸ ಎಂದು ಕೇಳಿದ್ದಷ್ಟೇ, ಮನುಷ್ಯ ಯಾರಾದರೂ ಕೇಳಲಿ ಎಂದೇ ಕಾದಿದ್ದಂತೆ ಶುರುಮಾಡಿದರು.

ಹಾಕಿಯವರು ಸಾಲಾಗಿ ಹತ್ತುತ್ತಾರಂತೆ. ಸ್ಟಿಕ್ಕುಗಳನ್ನು ಒಂದರ ಪಕ್ಕ ಒಂದು ಮಲಗಿಸುತ್ತಾರಂತೆ. ಯಾರ ಸ್ಟಿಕ್ಕನ್ನೂ ಯಾರೂ ದಾಟುವುದಿಲ್ಲ. ಒಂದು ಸಲ ಕಸ ಗುಡಿಸಲು ಇವರೇ ಒಂದನ್ನು ಎತ್ತಿಟ್ಟರೆ, ಅದರ ಒಡತಿ ಮೆಲ್ಲಗೆ ಇವರ ಕೈಯಿಂದ ತೆಗೆದುಕೊಂಡು ಟವೆಲಿನಲ್ಲಿ ಒರೆಸಿದಳಂತೆ. ನೀರಿನ ಬಾಟಲಿಗೆ ಹೆಸರು, ಟವೆಲಿಗೆ ಹೆಸರು. ದೊಡ್ಡವರನ್ನೆಲ್ಲ ಅಕ್ಕ ಅನ್ನಬೇಕು. ಮುಂದಿನ ಸೀಟು ಯಾವತ್ತೂ ಕ್ಯಾಪ್ಟನ್‌ದು. ಇವರನ್ನು ಕರೆಯುವುದು ಅಂಕಲ್ ಅಂತ.

ಫುಟ್‌ಬಾಲಿನವರಿಗೆ ಇವರು ರಂಗಣ್ಣ. ಚೆಂಡು ಯಾರದೋ ತೊಡೆ ಮೇಲೆ, ಸಾಕ್ಸು ಯಾರದೋ ಕಾಲಲ್ಲಿ. ಸೋಪು, ಬಾಚಣಿಗೆ, ಟವೆಲ್ ಯಾವುದಕ್ಕೂ ವಾರಸುದಾರರಿಲ್ಲ. ಒಂದು ಡಬ್ಬಿ ಮುಚ್ಚಳ ತೆಗೆದರೆ ಗಾಡಿಯ ಕೈಗಳೆಲ್ಲ ಅದರೊಳಗೆ. ಡಬ್ಬಿ ತಂದವಳಿಗೇ ಕೊನೆಗೆ ಬರೀ ಉಪ್ಪಿನಕಾಯಿ.

"ನಂಗೇನನ್ಸುತ್ತೆ ಅಂದ್ರೆ ಸಾ, ಅಲ್ಲಿ ಒಬ್ಬೊಬ್ರಿಗೂ ಒಂದೊಂದ್ ಸ್ಟಿಕ್ಕು. ಅದ್ಕೇ ಅವರವರ್ದು ಅವರವರ್ಗೆ. ಇಲ್ಲಿ ಎಲ್ಲಾರ್ಗೂ ಸೇರಿ ಒಂದೇ ಬಾಲು. ಅದ್ಕೇ ಎಲ್ಲಾನೂ ಎಲ್ಲಾರ್ದು."

ಮಾತು ಚೆನ್ನಾಗಿತ್ತು. ಆದರೆ ಹಾಕಿಯಲ್ಲೂ ಚೆಂಡು ಒಂದೇ ತಾನೇ ಎಂದೆ. ಅಲ್ಲದೆ ಪಂದ್ಯದ ನಡುವೆ ಒಬ್ಬಳ ಸ್ಟಿಕ್ಕು ಮುರಿದರೆ ಏನು ಮಾಡುತ್ತಾರೆ? ಅವರು ಚಾ ಲೋಟ ಕೆಳಗಿಟ್ಟು ಯೋಚಿಸಿದರು. ಹೋದ ವರ್ಷ ಹಾಗಾಗಿತ್ತಂತೆ. ಬೇರೆಯವರು ತಮ್ಮ ಎರಡನೇ ಸ್ಟಿಕ್ಕು ತರಲು ಗಾಡಿಗೆ ಓಡಿ ಬಂದಿದ್ದರಂತೆ, ನಾ ಮುಂದೆ ತಾ ಮುಂದೆ ಎಂದು. "ಅದೂ ನಿಜ ಬುಡಿ" ಎಂದು ಅವರೇ ನಕ್ಕರು.

ಊರಿನವರಿಗೆ ಇಷ್ಟು ಯೋಚಿಸುವ ತಾಪತ್ರಯವೇ ಇಲ್ಲ. ಹಾಸನದಲ್ಲಿ ಯಾರನ್ನು ಕೇಳಿದರೂ ಒಂದೇ ತೀರ್ಪು: ಹಾಕಿ ಹುಡುಗಿಯರು ಡೀಸೆಂಟು, ಫುಟ್‌ಬಾಲ್ ಹುಡುಗಿಯರು ಗಂಡುಬೀರಿಗಳು. ಸಾಕ್ಷಿ ಏನು? ಇವರು ಬೀದಿಯಲ್ಲಿ ಗಟ್ಟಿಯಾಗಿ ನಗುತ್ತಾರೆ. ಅಷ್ಟೇ ಸಾಕ್ಷಿ. ಹೆಣ್ಣುಮಗಳು ಆಟ ಮುಗಿಸಿ ಬಂದರೆ ಗೋಲು ಹೊಡೆದೆಯಾ ಎಂದು ಕೇಳುವವರಿಲ್ಲ, ಯಾರ ಜೊತೆ ಚಾ ಕುಡಿದೆ ಎಂದು ಕೇಳುವವರು ಬೀದಿ ತುಂಬ ಇದ್ದಾರೆ. ಕ್ರಿಕೆಟ್ ಆಡಿ ರಸ್ತೆಯಲ್ಲೇ ಬಾಟಲಿ ಒಡೆಯುವ ಗಂಡುಮಕ್ಕಳ ನಡತೆಯ ಬಗ್ಗೆ ಇವರಿಗೆ ಇಂಥ ಕಾಳಜಿ ಇದ್ದದ್ದನ್ನು ನಾನು ಕಂಡಿಲ್ಲ.

ರಂಗಸ್ವಾಮಿಯವರ ಕುತೂಹಲ ಅಂಥದ್ದಲ್ಲ. ಅದಕ್ಕೆ ಕಾರಣ ಅವರ ಮಗಳು ನಿಸರ್ಗ. ಎಸ್ಸೆಸ್ಸೆಲ್ಸಿ ಮುಗಿಸಿ ಹಾಸನದಲ್ಲಿ ಪಿಯುಸಿಗೆ ಸೇರುವವಳು. ಶಾಲೆಯಲ್ಲಿ ಹಾಕಿಗೂ ಅವಳೇ ಗೋಲ್‌ಕೀಪರ್, ಫುಟ್‌ಬಾಲಿಗೂ ಅವಳೇ ಗೋಲ್‌ಕೀಪರ್. ಎರಡೂ ಕ್ಲಬ್ಬುಗಳಿಗೆ ಕೀಪರ್ ಬೇಕು, ಎರಡೂ ಕ್ಲಬ್ಬುಗಳು ಅವಳನ್ನು ಕೇಳಿವೆ. ಅಭ್ಯಾಸ ಎರಡಕ್ಕೂ ಸಂಜೆ ಒಂದೇ ಹೊತ್ತಿಗೆ. ಒಂದನ್ನು ಬಿಡಲೇಬೇಕು. ಕಾಲೇಜು ಶುರುವಾಗುವುದರೊಳಗೆ ಅಪ್ಪ ಮಾತು ಕೊಡಬೇಕು. ಪುಷ್ಪಾವತಿಯವರು, ಯಾವ ಆಟವಾದರೂ ಆಡಲಿ, ಹಲ್ಲು ಉಳಿಸಿಕೊಂಡು ಮನೆಗೆ ಬರಲಿ ಎಂದು ಕೈತೊಳೆದುಕೊಂಡಿದ್ದರು.

ಆಮೇಲೆ ರಂಗಸ್ವಾಮಿ ಧ್ವನಿ ತಗ್ಗಿಸಿದರು. "ಮಿಕ್ಕೋರು ತಪ್ ಮಾಡುದ್ರೆ ಇನ್ನೊಬ್ರು ಸರಿ ಮಾಡ್ತಾರೆ ಸಾ. ಕೀಪರ್ ತಪ್ ಮಾಡುದ್ರೆ ಗೋಲೇ. ಗೋಲ್ ಬುಟ್ಟು ಬಂದಾಗ ನನ್ ಮಗೀನ ಇವ್ರು ಹೆಂಗ್ ನೋಡ್ತಾರೆ? ನಂಗೆ ಅದೊಂದ್ ಗೊತ್ತಾಗ್ಬೇಕು."

ಕನ್ನಡಿಯಲ್ಲಿ ಕಂಡದ್ದು ಅವರಿಗೆ ಸಮಾಧಾನ ಕೊಟ್ಟಿರಲಿಲ್ಲ. ಹಾಕಿಯ ಕೀಪರು ಪ್ಯಾಡು, ಹೆಲ್ಮೆಟ್ಟಿನ ದೊಡ್ಡ ಚೀಲದ ಜೊತೆ ಯಾವಾಗಲೂ ಕೊನೆಯ ಸೀಟು. ಸೋತ ದಿನ ಅವಳನ್ನು ಯಾರೂ ಮಾತಾಡಿಸುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಫುಟ್‌ಬಾಲಿನವರಲ್ಲಿ ಹಾಗಿಲ್ಲ, ಯಾರು ಚೆನ್ನಾಗಿ ಆಡುತ್ತಾರೋ ಅವರಿಗೆ ಮುಂದಿನ ಸೀಟಿನ ಮರ್ಯಾದೆ. ಹೊಗಳುವುದು ತನ್ನ ಕೆಲಸ. ಹೀಗೆಂದು ಅವರು ನನಗೆ ವಿವರಿಸಿದರು.

ನನಗೆ ಸುಮ್ಮನಿರಲಾಗಲಿಲ್ಲ. ಇವತ್ತು ನಿಮ್ಮ ಪಕ್ಕ ಕೂತವಳು ತನ್ನ ಗೋಲಿಗೇ ಚೆಂಡು ಹೊಡೆದುಕೊಂಡವಳು ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು. ಆಮೇಲೆ ಆ ಹುಡುಗಿಯನ್ನು ನೋಡಿದರು. ಹಿಂದಿನ ಸಲ ಕೂತವಳು ಪೆನಾಲ್ಟಿ ಹಾಳುಮಾಡಿಕೊಂಡವಳೇ ಇರಬಹುದು, ಅದಕ್ಕೂ ಹಿಂದಿನವಳು ಕೆಂಪು ಚೀಟಿ ಪಡೆದು ಆಚೆ ಬಂದವಳಿರಬಹುದು. ಇಷ್ಟು ವರ್ಷ ತಾನು ಹೊಗಳಿದ್ದೆಲ್ಲ ಸೋಲಿಸಿದವರನ್ನು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಒಂದು ಹುಡುಗಿಗೆ ಶಿಕ್ಷೆ ಕೊಡುವುದಕ್ಕೆ ಪೆದ್ದನೊಬ್ಬನ ಪಕ್ಕ ಕೂರಿಸಿ, ಅವನು ಹೊಗಳುವುದನ್ನು ಕೇಳಿ ಹಿಂದೆ ಕೂತು ಹಾಡುತ್ತಾರೆ ಎಂದೇ ಅವರಿಗೆ ಅರ್ಥವಾಯಿತು. ನನಗೂ ಹಾಗೆಯೇ ಅರ್ಥವಾಗಿತ್ತು. ನಾನು ಹಾಸನದಲ್ಲಿ ಇಳಿಯುವಾಗ ಅವರದು ಒಂದೇ ಮಾತು: "ಹಾಕಿಗೇ ಸೇರುಸ್ತೀನಿ ಸಾ. ಮಾತಾಡುಸ್ದಿದ್ರೂ ಚಿಂತಿಲ್ಲ, ಆಡ್ಕೊಳಲ್ವಲ್ಲ."

ಮುಂದಿನ ಭಾನುವಾರ ಹಾಕಿ ತಂಡದ ಸರದಿ. ಚನ್ನರಾಯಪಟ್ಟಣದಲ್ಲಿ ಪಂದ್ಯ. ರಂಗಸ್ವಾಮಿ ನಿಸರ್ಗಳನ್ನೂ ಕರೆದುಕೊಂಡು ಬಂದಿದ್ದರು. ನನಗೆ ಆ ಕೊನೆಯ ಸೀಟನ್ನು ನೋಡಬೇಕಿತ್ತು, ನಾನೂ ಹೋದೆ.

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸ್ಟಿಕ್ಕುಗಳು ಸಾಲಾಗಿ ಮಲಗಿದವು. ಕ್ಯಾಪ್ಟನ್ ಧನ್ಯಾ ಮುಂದೆ ಕೂತಳು. ಪಂದ್ಯ ಸೋತರು. ಒಂದು ಹೊಡೆತ ತಡೆದು ಬಿದ್ದ ಕೀಪರ್ ಹುಡುಗಿ ಎದ್ದೇಳುವ ಮೊದಲೇ ಚೆಂಡು ಒಳಗೆ ಹೋಗಿತ್ತು. ವಾಪಸು ಹೊರಟಾಗ ಆಕೆ ಚೀಲ ಎಳೆದುಕೊಂಡು ಕೊನೆಯ ಸೀಟಿಗೆ ಹೋದಳು. ಗಾಡಿಯಲ್ಲಿ ಉಸಿರಿನ ಸದ್ದೂ ಇಲ್ಲ. ನಡುವೆ ಕೂತಿದ್ದ ನಿಸರ್ಗ ಹಿಂದಕ್ಕೆ ತಿರುಗಲು ಹೋದಳು. ಪಕ್ಕದವಳು ಅವಳ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದಳು. ರಂಗಸ್ವಾಮಿ ಅದನ್ನು ಕನ್ನಡಿಯಲ್ಲಿ ನೋಡಿದರು. ಕಾಲು ಆಕ್ಸಿಲರೇಟರ್ ಮೇಲೆ ಬಿಗಿಯಾದದ್ದು ಗಾಡಿಯ ಓಟದಲ್ಲೇ ಗೊತ್ತಾಯಿತು.

ಶಾಂತಿಗ್ರಾಮದಲ್ಲಿ ನಿಲ್ಲಿಸಿದಾಗ ಅವರು ಧನ್ಯಾಳನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟರು. ಅಷ್ಟು ದೊಡ್ಡ ಮೂಟೆ ಜೊತೆ ಒಂದು ಹೆಣ್ಣುಮಗುವನ್ನು ಮೂಲೆಗೆ ಹಾಕಿ, ಒಂದು ಮಾತೂ ಆಡಿಸದೆ ಬರುತ್ತೀರಲ್ಲ, ನಿಮಗೆ ಕರುಳಿಲ್ಲವಾ ಅಂದರು.

ಧನ್ಯಾ ಕೋಪ ಮಾಡಿಕೊಳ್ಳಲಿಲ್ಲ. ಆ ಸೀಟು ಕೀಪರುಗಳು ತಾವೇ ಕೇಳಿ ತೆಗೆದುಕೊಂಡದ್ದಂತೆ. ಅಲ್ಲಿ ಕಾಲು ಚಾಚಿ ಮಲಗಬಹುದು, ಅಳಬೇಕು ಅನ್ನಿಸಿದರೆ ಅಳಬಹುದು. ಅವಳಾಗಿ ಎದ್ದು ಮುಂದೆ ಬರುವವರೆಗೆ ಯಾರೂ ತಿರುಗಬಾರದು. ಅದು ಕ್ಲಬ್ಬು ಶುರುವಾದಾಗಿನಿಂದ ಬಂದ ಕಟ್ಟುಪಾಡು. "ಸಮಾಧಾನ ಹೇಳೋಕೆ ಹೋದ್ರೆ ಅವಳು ನಮ್ಮನ್ನ ಸಮಾಧಾನ ಮಾಡೋಕೆ ನಗಬೇಕಾಗತ್ತೆ ಅಂಕಲ್. ನೋಡ್ದೆ ಕೂರೋದು ಸುಲಭ ಅನ್ಕೊಂಡಿದೀರಾ?"

ರಂಗಸ್ವಾಮಿ ಗಾಡಿಯ ಕಡೆ ನೋಡಿದರು. ಕೀಪರ್ ಹುಡುಗಿ ತಾನಾಗಿಯೇ ಇಳಿದು ಬಂದು ನಿಸರ್ಗಳ ಕೈಯಿಂದ ಬೋಂಡ ಕಿತ್ತುಕೊಂಡು ತಿನ್ನುತ್ತಿದ್ದಳು. ಗಾಡಿ ಮತ್ತೆ ಹೊರಟಾಗ ಒಳಗೆ ಮಾತು ಶುರುವಾಗಿತ್ತು.

ಹಾಕಿಯವರ ಮೌನಕ್ಕೇ ಹೀಗೊಂದು ಅರ್ಥ ಇರುವುದಾದರೆ, ಫುಟ್‌ಬಾಲಿನವರ ಮುಂದಿನ ಸೀಟಿಗೆ ಏನರ್ಥವೋ? ಇದು ರಂಗಸ್ವಾಮಿಯವರನ್ನು ಕೊರೆಯಲು ಶುರುವಾಯಿತು. ಆ ವಾರವೇ, ನಿಸರ್ಗಳನ್ನು ತಮ್ಮ ಕ್ಲಬ್ಬಿಗೆ ಕಳಿಸುತ್ತಾರಾ ಎಂದು ಕೇಳಿಕೊಂಡು ಹೋಗಲು ಸಿಂಧು ಹಾಸನದಿಂದ ಬಸ್ಸು ಹತ್ತಿ ಹೊಳೆನರಸೀಪುರದ ಅವರ ಮನೆಗೆ ಬಂದಳು. ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ನನಗೆ ಫೋನಿನಲ್ಲಿ ಹೇಳಿದರು.

ಪುಷ್ಪಾವತಿಯವರು ಕಾಫಿ ಕೊಡುವುದಕ್ಕೂ ಮೊದಲೇ ಇವರು ಕೇಳಿದರಂತೆ: ಸೋಲಿಸಿದವಳನ್ನು ನನ್ನ ಪಕ್ಕ ಕೂರಿಸಿ ನನ್ನನ್ನು ಕೋಡಂಗಿ ಮಾಡ್ತಿದ್ರಾ?

ಸಿಂಧುವಿನ ಮುಖ ಬಿಳಿಚಿಕೊಂಡಿತಂತೆ. ಆಮೇಲೆ ಮೊದಲಿನಿಂದ ಹೇಳಿದಳು. ಕ್ಲಬ್ಬಿನ ಆರಂಭದ ದಿನಗಳಲ್ಲಿ ಒಬ್ಬ ಸೀನಿಯರು ಪೆನಾಲ್ಟಿ ಹಾಳುಮಾಡಿಕೊಂಡಿದ್ದಳು. ಮೈದಾನದಿಂದ ಗಾಡಿಯವರೆಗೆ ಎಲ್ಲರೂ ಅವಳನ್ನು ಬೈದದ್ದೇ ಬೈದದ್ದು. ತಪ್ಪಿಸಿಕೊಳ್ಳಲು ಅವಳು ಮುಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು. ಮುಂದೆ ಬಂದು ಕೂತಿದ್ದಾಳೆಂದರೆ ಚೆನ್ನಾಗಿ ಆಡಿರಬೇಕು ಎಂದು ಲೆಕ್ಕ ಹಾಕಿದ ರಂಗಸ್ವಾಮಿ, ಹಾಕಿ ಕ್ಯಾಪ್ಟನ್ನುಗಳನ್ನು ನೋಡಿದ ಅಭ್ಯಾಸದಲ್ಲಿ, ಬಾಳ ಚೆನ್ನಾಗ್ ಆಡ್ದೆ ಕಣವ್ವ ಅಂದಿದ್ದರು. ಹಿಂದೆ ಬೈಯುತ್ತಿದ್ದವರೆಲ್ಲ ತಬ್ಬಿಬ್ಬಾದರು. ಮೊದಲು ನಕ್ಕದ್ದು ಆ ಹುಡುಗಿಯೇ. ಆಮೇಲೆ ಯಾರಿಗೂ ಬೈಯಲಾಗಲಿಲ್ಲ. ಅವತ್ತಿನಿಂದ ತಪ್ಪು ಮಾಡಿದವಳಿಗೆ ಆ ಸೀಟು. ಹತ್ತಿದ ಮೇಲೆ ಆ ತಪ್ಪಿನ ಮಾತು ಯಾರೂ ಎತ್ತಬಾರದು, ಹಾಡು ಹೇಳಬೇಕು.

"ನೀವು ಮ್ಯಾಚ್ ನೋಡಿರಲ್ಲ ರಂಗಣ್ಣ. ಅದಕ್ಕೇ ನಿಮ್ಮ ಮಾತು ಬೇಕಿತ್ತು. ನೋಡಿದವರು ಹಂಗಂದ್ರೆ ಸುಳ್ಳಾಗತ್ತೆ."

ಈಗ ನನಗೆ ಗೊತ್ತಾಗಿಹೋಯ್ತಲ್ಲವ್ವ ಅಂದರಂತೆ ರಂಗಸ್ವಾಮಿ. ಸೀಟಿನ ಗುಟ್ಟು ಗೊತ್ತಾಯಿತು ಅಷ್ಟೇ, ಪಂದ್ಯ ಮಾತ್ರ ಯಾವತ್ತೂ ನೋಡಬೇಡಿ ಎಂದು ಸಿಂಧು ಕೇಳಿಕೊಂಡಳು.

ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ ನಿಸರ್ಗ ಆಗ ಒಳಗೆ ಬಂದಳು. ಅವಳಿಗಾಗಿ ಎಲ್ಲರೂ ಎರಡು ಕ್ಲಬ್ಬುಗಳನ್ನು ತೂಗಿ ನೋಡುತ್ತಿದ್ದರಲ್ಲ, ಅವಳನ್ನು ಕೇಳಬೇಕು ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಊರಿನವರ ಮೇಲೆ ಅಷ್ಟೊಂದು ಹರಿಹಾಯುವ ನನಗೆ.

"ನಂಗೆ ಹಿಂದಿನ ಸೀಟೇ ಇರ್ಲಪ್ಪ," ಅಂದಳಂತೆ. "ಮುಂದೆ ಕೂರ್ಸಿ ನೀನು ಚೆನ್ನಾಗಾಡ್ದೆ ಅಂದ್ರೆ ನಾನ್ ನಂಬಲ್ಲ. ನಾನ್ ಸುಟ್ಟಿರೋ ದೋಸೆಗೂ ನೀನು ಹಂಗೇ ಅಂತೀಯ." ಫುಟ್‌ಬಾಲಿಗೆ ಸೇರಿದರೆ ನೀನು ನನ್ನ ಆಟ ಯಾವತ್ತೂ ನೋಡೋ ಹಾಗಿಲ್ಲ, ಹಾಕಿ ಆದರೆ ನೋಡಬಹುದಲ್ಲ ಎಂದೂ ಸೇರಿಸಿದಳು. ಮಗಳು ಗೋಲಿನ ಮುಂದೆ ನಿಂತದ್ದನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಅವಳದನ್ನು ಲೆಕ್ಕದಲ್ಲಿಟ್ಟುಕೊಂಡಿದ್ದಾಳೆ ಎಂದು ಅವರಿಗೆ ತಿಳಿದದ್ದೇ ಅವತ್ತು.

ಸಿಂಧುವಿಗೆ ನಿರಾಸೆಯಾಯಿತು. ಆದರೂ ಕಾಫಿ ಪೂರ್ತಿ ಕುಡಿದಳು. ಹೊರಡುವಾಗ, ಕೀಪರ್ ಸಿಗದಿದ್ದರೆ ಹೋಗಲಿ, ಡ್ರೈವರನ್ನು ಮಾತ್ರ ಬಿಟ್ಟುಕೊಡಲ್ಲ ಎಂದು ಪುಷ್ಪಾವತಿಯವರಿಗೆ ಹೇಳಿ ಹೋದಳು.

ಮತ್ತೆ ಫುಟ್‌ಬಾಲಿನ ಭಾನುವಾರ ಬಂತು. ಗಾಡಿ ಮೈದಾನಕ್ಕೆ ಬೆನ್ನು ಮಾಡಿ ನಿಂತಿತ್ತು, ರಂಗಸ್ವಾಮಿಯವರೂ ಹಾಗೆಯೇ. ವಾಪಸು ಬರುವಾಗ ಮುಂದೆ ಒಬ್ಬಳು ಬಂದು ಕೂತಳು. ಅವರು ಸುಮ್ಮನೆ ಎರಡು ಸಲ ಗೇರು ಬದಲಾಯಿಸಿದರಂತೆ. ಕೊನೆಗೆ, ಬಾಳ ಚೆನ್ನಾಗ್ ಆಡ್ದೆ ಕಣವ್ವ ಅಂದೇಬಿಟ್ಟರು. ಆ ಹುಡುಗಿ, ನಿಮಗೆ ಈಗ ಎಲ್ಲ ಗೊತ್ತಂತಲ್ಲ ರಂಗಣ್ಣ ಅಂದಳು. "ನಂಗೇನ್ ಗೊತ್ತವ್ವ, ನಾನ್ ಗಾಡಿ ಹತ್ರ ಇದ್ದೆ" ಅಂದರಂತೆ. ಹಿಂದೆ ಹಾಡು ಶುರುವಾಯಿತು.

ನಾನು ಮತ್ತೆ ಆ ಗಾಡಿ ಹತ್ತಿದ್ದು ಮಳೆಗಾಲ ಕಳೆದ ಮೇಲೆ, ಹಾಕಿ ತಂಡದ ಜೊತೆ ಚನ್ನರಾಯಪಟ್ಟಣಕ್ಕೆ. ಗಾಡಿ ಕಾಯಲು ಪುಷ್ಪಾವತಿಯವರು ಬಂದಿದ್ದರು. ಕಿಟಕಿ ಪರದೆ ಸರಿಸಿ ಅವರೆಕಾಯಿ ಸುಲಿಯುತ್ತಾ ಕೂತರು. ರಂಗಸ್ವಾಮಿ ಬಿಳಿ ಅಂಗಿ ಹಾಕಿಕೊಂಡು, ಗೆರೆಯ ಪಕ್ಕ ನಿಂತು, ಮೊದಲ ಸಲ ಒಂದು ಪಂದ್ಯ ನೋಡಿದರು. ಹೆಲ್ಮೆಟ್ಟಿನೊಳಗೆ ಇದ್ದವಳು ತಮ್ಮ ಮಗಳೇ ಹೌದೋ ಎಂದು ನನ್ನನ್ನು ಎರಡು ಸಲ ಕೇಳಿದರು. ಅವಳು ಚೆಂಡು ತಡೆದಾಗಲೆಲ್ಲ ನನ್ನ ಮೊಣಕೈ ಹಿಡಿದುಕೊಂಡರು. ಇನ್ನೇನು ಸೀಟಿ ಊದಬೇಕು ಅನ್ನುವಾಗ ಒಂದು ಚೆಂಡು ನಿಧಾನಕ್ಕೆ ಉರುಳಿ ಬಂತು. ಯಾರಾದರೂ ತಡೆಯಬಹುದಾಗಿದ್ದ ಚೆಂಡು. ಅವಳ ಪ್ಯಾಡುಗಳ ನಡುವೆ ಹಾದು ಒಳಗೆ ಹೋಯಿತು.

ಅಲ್ಲಿಯೂ ಶಾಮಿಯಾನ, ಅಲ್ಲಿಯೂ ಸೋಫಾ. ಮುಖ್ಯ ಅತಿಥಿ ಮೈಕಿನಲ್ಲಿ ಹೆಣ್ಣುಮಕ್ಕಳ ಶಿಸ್ತಿನ ಬಗ್ಗೆ ಉಪದೇಶ ಕೊಡುತ್ತಿದ್ದರು. ಗೋಲು ಬಿಟ್ಟವಳು ಆಗ ಪ್ಯಾಡು ಬಿಚ್ಚುತ್ತಾ ನೆಲ ನೋಡುತ್ತಿದ್ದಳು. ರಂಗಸ್ವಾಮಿ ಅವಳ ಕಡೆ ಒಂದು ಹೆಜ್ಜೆ ಇಟ್ಟರು. ಧನ್ಯಾ ದೂರದಿಂದಲೇ ಬೇಡ ಎಂಬಂತೆ ತಲೆಯಾಡಿಸಿದಳು. ಅವರು ಹೋಗಿ ಗಾಡಿ ಹತ್ತಿದರು.

ನಿಸರ್ಗ ಚೀಲ ಎಳೆದುಕೊಂಡು ಕೊನೆಯ ಸೀಟಿಗೆ ಹೋದಳು. ಪುಷ್ಪಾವತಿಯವರು ಅವರೆಕಾಯಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು, ತುಟಿ ಬಿಗಿಹಿಡಿದು, ಮುಂದೆ ನೋಡುತ್ತಾ ಕೂತರು. ಇಂಜಿನ್ ಚಾಲೂ ಆಯಿತು. ರಂಗಸ್ವಾಮಿ ಕೈ ಎತ್ತಿ, ಇಷ್ಟು ವರ್ಷ ಎಲ್ಲರನ್ನೂ ತೋರಿಸಿದ್ದ ಒಳಗನ್ನಡಿಯನ್ನು ಮೇಲಕ್ಕೆ ತಿರುಗಿಸಿದರು. ಅದರಲ್ಲಿ ಗಾಡಿಯ ಚಾವಣಿಯೊಂದೇ ಕಾಣುತ್ತಿತ್ತು.

ಹೈವೇಯಲ್ಲಿ ಒಬ್ಬರೂ ಮಾತಾಡಲಿಲ್ಲ. ಶಾಂತಿಗ್ರಾಮ ಹತ್ತಿರವಾದಾಗ ಹಿಂದಿನಿಂದ ಚೀಲ ಸರಿಸಿದ ಸದ್ದಾಯಿತು.

"ಕನ್ನಡಿ ಸರಿ ಮಾಡ್ಕೊಳಪ್ಪ," ಅಂದಳು ನಿಸರ್ಗ. "ಮುಂದಕ್ ಬತ್ತಾ ಇವ್ನಿ."